ಒಂದು ಚಮಚ, ಎರಡು ಸಿಂಹ

ಈ ಕಡೆ ತಲೆ ಹಾಕಿ ತಿಂಗಳುಗಳೇ ಆದವು. "ಏನ್ರೀ, ಬರೆಯೋದು ಬಿಟ್ಟೇಬಿಟ್ರಾ?" ಅಂತ ಒಂದಿಬ್ಬರು ಕೇಳಿದ್ದೂ ಆಯ್ತು. ಬಿಟ್ಟಿಲ್ಲ ಸ್ವಾಮಿ. ಹೊಸದೊಂದು ಹುಚ್ಚು ಹತ್ತಿಕೊಂಡಿತ್ತು, ಅಷ್ಟೆ. ಎಲ್ಲಿ ಹೋದರೂ ಚಮಚ ಎತ್ತಿಕೊಂಡು ಅದರ ಬೆನ್ನು ನೋಡುವ ಹುಚ್ಚು. ಹೋಟೆಲಿನಲ್ಲಿ ನೋಡಿದೆ, ಸ್ನೇಹಿತರ ಮನೆಯಲ್ಲಿ ನೋಡಿದೆ, ಒಂದು ಮದುವೆ ಊಟದಲ್ಲೂ ನೋಡಿದೆ. ಹೆಂಡತಿ ಮೇಜಿನ ಕೆಳಗೆ ಕಾಲು ತುಳಿದಳು. ಆಮೇಲೆ ನಿಲ್ಲಿಸಿದೆ.

ಇದೆಲ್ಲ ಶುರುವಾದದ್ದು ಪಕ್ಕದ ಮನೆಯಿಂದ. ನಾವಿರೋದು ಇಂಗ್ಲೆಂಡಿನ ಒಂದು ಸಣ್ಣ ಊರಿನಲ್ಲಿ. ಪಕ್ಕದ ಮನೆಯಲ್ಲಿ ಎಂಬತ್ತು ದಾಟಿದ ಒಬ್ಬ ಅಜ್ಜಿ. ಗಂಡ ತೀರಿಕೊಂಡ ಮೇಲೆ ಒಬ್ಬರೇ ಇದ್ದರು, ಈಗ ಮನೆ ಖಾಲಿ ಮಾಡಿ ಮಗಳ ಊರಿಗೆ ಹೊರಟಿದ್ದರು. ಒಂದು ಸಂಜೆ ಚಪ್ಪಲಿ ಡಬ್ಬಿಯಂಥದೊಂದು ರಟ್ಟಿನ ಡಬ್ಬಿ ಹಿಡಿದುಕೊಂಡು ಬಂದರು. ಒಳಗೆ ಹಳೇ ಬಟ್ಟೆಯಲ್ಲಿ ಸುತ್ತಿದ ಆರು ದೊಡ್ಡ ಚಮಚ, ಒಂದು ಟೀ ಪಾಟು.

"ಕೊಳ್ಳುವವನೊಬ್ಬ ಬಂದಿದ್ದ. ತೂಕಕ್ಕೆ ಹಾಕಿ ದುಡ್ಡು ಕೊಡ್ತೀನಿ, ಕರಗಿಸೋದಕ್ಕೆ ಅಂದ. ನಿಮ್ಮ ದೇಶದವರಿಗೆ ಬೆಳ್ಳಿ ಬಂಗಾರ ಚೆನ್ನಾಗಿ ಗೊತ್ತಂತಲ್ಲ, ಸ್ವಲ್ಪ ನೋಡಿ ಹೇಳ್ತೀರಾ?" ಅಂದರು.

ನನಗೇನು ಗೊತ್ತು ಮಣ್ಣು! ಆದರೆ ದೇಶದ ಮಾನ ಹೋಗಬಾರದಲ್ಲ, "ಆಗಲಿ" ಅಂದೆ.

ಚಮಚದ ಹಿಡಿಯ ಮುಂಭಾಗದಲ್ಲಿ ಉಗುರಿನಷ್ಟು ಗಾತ್ರದ ಒಂದು ಸಿಂಹ ಕೆತ್ತಿತ್ತು. ಸೊಂಟದವರೆಗೆ ಮಾತ್ರ. ಅಜ್ಜಿ ಅದರ ಮೇಲೆ ಬೆರಳಾಡಿಸಿ, "ಇದು ನಮ್ಮ ಯಜಮಾನರ ವಂಶದ ಗುರುತು. ಅವರ ಹಿಂದಿನವರಲ್ಲಿ ಯಾರೋ ಒಬ್ಬರು ಲಾರ್ಡ್ ಆಗಿದ್ದರಂತೆ. ಯಾರು ಅಂತ ಗೊತ್ತಾದರೆ ಮೊಮ್ಮಗನಿಗೆ ಹೇಳಬಹುದು. ಗೊತ್ತಾಗದಿದ್ದರೆ ಕರಗಲಿ ಬಿಡಿ, ನನ್ನ ಕಾಲವೂ ಮುಗೀತು" ಅಂದರು.

ಚಮಚ ತಿರುಗಿಸಿದೆ. ಬೆನ್ನ ಮೇಲೂ ಸಾಲಾಗಿ ಚಿಕ್ಕ ಚಿಕ್ಕ ಅಚ್ಚುಗಳು, ಅದರಲ್ಲೂ ಒಂದು ಸಿಂಹ. ಮುಂದೊಂದು, ಹಿಂದೊಂದು. ಈ ಎರಡು ಸಿಂಹಗಳಲ್ಲಿ ಯಾವುದನ್ನು ನಂಬಬೇಕು ಅನ್ನೋದೇ ಇವತ್ತಿನ ಕಥೆ.

ಹಿಂದಿನ ಸಿಂಹ

ಭೂತಗನ್ನಡಿ ಹಿಡಿದು ನೋಡಿದರೆ ಬೆನ್ನ ಮೇಲೆ ಐದು ಗುರುತು. ನಡೆಯುತ್ತಿರುವ ಒಂದು ಸಿಂಹ, ಕಿರೀಟ ಹೊತ್ತ ಚಿರತೆಯ ಮುಖ, ಇಂಗ್ಲಿಷಿನ ಚಿಕ್ಕ 'ಕೆ' ಅಕ್ಷರ, ಒಬ್ಬ ಮನುಷ್ಯನ ತಲೆ, ಕೂಡಿಸಿ ಬರೆದಂಥ 'ಎಚ್ ಬಿ' ಅನ್ನುವ ಎರಡಕ್ಷರ. ಲೈಬ್ರರಿಯಿಂದ ಪುಸ್ತಕ ತಂದು ಒಂದು ವಾರ ಕೂತೆ. ಚಾರ್ಲ್ಸ್ ಜಾಕ್ಸನ್ ಅನ್ನುವ ಪುಣ್ಯಾತ್ಮ 1905ರಲ್ಲೇ ಇಂಗ್ಲೆಂಡಿನ ಬೆಳ್ಳಿ ಮುದ್ರೆಗಳನ್ನೆಲ್ಲ ಕಲೆಹಾಕಿ ದಪ್ಪನೆಯ ಪುಸ್ತಕ ಮಾಡಿಟ್ಟಿದ್ದಾನೆ. ಅದರ ಜೊತೆ ಕೂತರೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ.

ನಮ್ಮಲ್ಲಿ "ಅಕ್ಕಸಾಲಿ ಅಕ್ಕನ ಚಿನ್ನಾನೂ ಬಿಡಲ್ಲ" ಅನ್ನುವ ಗಾದೆ ಇದೆಯಲ್ಲ. ಪಾಪ, ಆ ಮಾತನ್ನು ಸುಳ್ಳು ಮಾಡಿದ ಎಷ್ಟೋ ಅಕ್ಕಸಾಲಿಗಳಿದ್ದಾರೆ. ಆದರೆ ಅದೇ ಅನುಮಾನ ಇಂಗ್ಲೆಂಡಿನ ರಾಜರಿಗೂ ಇತ್ತು. ಅವರು ಗಾದೆ ಕಟ್ಟಲಿಲ್ಲ, ಕಾನೂನು ಮಾಡಿದರು. ಶುದ್ಧ ಬೆಳ್ಳಿ ತೀರಾ ಮೆತು, ಸ್ವಲ್ಪ ತಾಮ್ರ ಬೆರೆಸದೆ ಪಾತ್ರೆ ಆಗುವುದಿಲ್ಲ. ಎಷ್ಟು ಬೆರೆಸಿದ ಅಂತ ಬರಿಗಣ್ಣಿಗೆ ತಿಳಿಯುವುದೂ ಇಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ! ಹಾಗಾಗಿ 1300ರಲ್ಲಿ ಒಂದನೇ ಎಡ್ವರ್ಡ್ ರಾಜ ಒಂದು ಕಟ್ಟಳೆ ತಂದ. ಸಾವಿರಕ್ಕೆ 925 ಭಾಗ ಬೆಳ್ಳಿ ಇರಲೇಬೇಕು, ಪರೀಕ್ಷೆ ಮಾಡಿ ಚಿರತೆ ಮುಖದ ಅಚ್ಚು ಒತ್ತಿದ ಮೇಲೇ ಮಾಲು ಅಂಗಡಿಯಿಂದ ಹೊರಗೆ ಹೋಗಬೇಕು. ನಾವು ಸ್ಟರ್ಲಿಂಗ್ ಬೆಳ್ಳಿ ಅನ್ನುವುದು ಇದನ್ನೇ. 1363ರಲ್ಲಿ ಮಾಡಿದವನೂ ತನ್ನ ಗುರುತು ಒತ್ತಬೇಕು ಅಂತಾಯಿತು.

ನನಗೆ ತುಂಬಾ ಇಷ್ಟವಾದದ್ದು ಆ ಒಂಟಿ ಅಕ್ಷರದ ಕಥೆ. ಲಂಡನ್ನಿನಲ್ಲಿ 1478ರಿಂದ ವರ್ಷಕ್ಕೊಂದು ಅಕ್ಷರ ಒತ್ತುತ್ತಾ ಬಂದರು. 'ಎ'ಯಿಂದ 'ಯು'ವರೆಗೆ, 'ಜೆ' ಬಿಟ್ಟು, ಇಪ್ಪತ್ತು ಅಕ್ಷರ. ಇಪ್ಪತ್ತು ವರ್ಷ ಮುಗಿದ ಮೇಲೆ ಅಕ್ಷರದ ಶೈಲಿ ಬದಲಿಸಿ ಮತ್ತೆ 'ಎ'. ನಮ್ಮ ಅರವತ್ತು ಸಂವತ್ಸರಗಳ ಚಕ್ರದ ಹಾಗೇ. ಪ್ರಭವ ಅಂದ ಮಾತ್ರಕ್ಕೆ ಯಾವ ಪ್ರಭವ ಅಂತ ತಿಳಿಯುವುದಿಲ್ಲವಲ್ಲ, ಹಾಗೆಯೇ ಇಲ್ಲೂ ಅಕ್ಷರದ ಜೊತೆ ಅದರ ಶೈಲಿ, ಅದರ ಸುತ್ತಲಿನ ಚೌಕಟ್ಟಿನ ಆಕಾರ ಎರಡನ್ನೂ ನೋಡಬೇಕು. ಇವತ್ತು ನಾವು ಪಾತ್ರೆಯ ವಯಸ್ಸು ಹೇಳುವುದು ಈ ಅಕ್ಷರದಿಂದಲೇ. ಆದರೆ ಅದನ್ನು ಒತ್ತಿದ್ದು ನಮಗೆ ವಯಸ್ಸು ಹೇಳಲಿಕ್ಕಲ್ಲ! ಬೆರಕೆ ಬೆಳ್ಳಿಗೆ ಮುದ್ರೆ ಬಿದ್ದದ್ದು ಮುಂದೊಂದು ದಿನ ಗೊತ್ತಾದರೆ, ಆ ವರ್ಷ ಪರೀಕ್ಷೆಯ ಹೊಣೆ ಯಾರದಿತ್ತು ಅಂತ ಹಿಡಿಯಲಿಕ್ಕೆ. ಅಂದರೆ ಅಕ್ಕಸಾಲಿಯನ್ನು ಕಾಯಲು ಪರೀಕ್ಷಕ, ಪರೀಕ್ಷಕನನ್ನು ಕಾಯಲು ಅಕ್ಷರ. ಅದೇ ಸುಮಾರಿಗೆ ಪರೀಕ್ಷೆ ಲಂಡನ್ನಿನ ಗೋಲ್ಡ್‌ಸ್ಮಿತ್ಸ್ ಹಾಲ್ ಅನ್ನುವ ಕಟ್ಟಡದಲ್ಲೇ ಆಗಬೇಕು ಅಂತ ಕಾಯಂ ಆಯಿತು. ಆ ಹಾಲಿನ ಮಾರ್ಕೇ ಹಾಲ್‌ಮಾರ್ಕ್. ನಮ್ಮೂರಿನ ಚಿನ್ನದಂಗಡಿಯಲ್ಲಿ ದಿನಾ ಕೇಳುವ ಪದದ ಹುಟ್ಟೂರು ಅಲ್ಲಿದೆ.

ಪರೀಕ್ಷೆ ಹೇಗೆ ಮಾಡುತ್ತಿದ್ದರು? ಒರೆಗಲ್ಲು ಅಲ್ಲಿಯೂ ಇತ್ತು. ಆದರೆ ಪಕ್ಕಾ ಲೆಕ್ಕಕ್ಕೆ ಪುಟಕ್ಕಿಡಬೇಕು. ಪಾತ್ರೆಯಿಂದ ಒಂಚೂರು ಕೆರೆದು, ತೂಗಿ, ಸೀಸದಲ್ಲಿ ಸುತ್ತಿ, ಮೂಳೆ ಬೂದಿಯಿಂದ ಮಾಡಿದ ಪುಟ್ಟ ಬಟ್ಟಲಿನಲ್ಲಿಟ್ಟು ಕಾಯಿಸುವುದು. ಸೀಸವೂ ತಾಮ್ರವೂ ಸುಟ್ಟು ಬಟ್ಟಲೊಳಗೆ ಇಂಗಿಹೋಗುತ್ತವೆ, ಬೆಳ್ಳಿ ಮಾತ್ರ ಮಣಿಯಾಗಿ ಉಳಿಯುತ್ತದೆ. ಮತ್ತೆ ತೂಗಿದರೆ ಎಷ್ಟು ಬೆರಕೆ ಅಂತ ಲೆಕ್ಕ ಸಿಕ್ಕಿತು. ಕಮ್ಮಿ ಬಂದರೆ ಮುದ್ರೆಯಿಲ್ಲ, ಪಾತ್ರೆಯನ್ನೇ ಜಜ್ಜಿ ವಾಪಸ್ಸು ಕೊಡುತ್ತಿದ್ದರು.

ನಡೆಯುವ ಸಿಂಹ ಬಂದದ್ದು 1544ರಲ್ಲಿ, ಎಂಟನೇ ಹೆನ್ರಿಯ ಕಾಲದಲ್ಲಿ. ತಮಾಷೆ ಅಂದರೆ ಆ ಹೊತ್ತಿಗೆ ರಾಜನೇ ಬೆರಕೆಗೆ ಇಳಿದಿದ್ದ! ಖರ್ಚಿಗೆ ಸಾಲದೆ ನಾಣ್ಯದಲ್ಲಿ ತಾಮ್ರ ಸುರಿದು, ಎರಡೇ ವರ್ಷದಲ್ಲಿ ನಾಣ್ಯದ ಬೆಳ್ಳಿ ಮೂರನೇ ಒಂದು ಪಾಲಿಗೆ ಇಳಿಯಿತು. ನಾಣ್ಯದ ಮೇಲಿನ ರಾಜನ ಮೂಗು ಸವೆದ ಕಡೆ ಕೆಂಪು ತಾಮ್ರ ಕಾಣುತ್ತಿತ್ತು, ಜನ ಅವನಿಗೆ 'ಮುದಿ ತಾಮ್ರಮೂಗ' ಅಂತ ಹೆಸರಿಟ್ಟರು. ನಾಣ್ಯ ಹೇಗೇ ಇರಲಿ, ಪಾತ್ರೆ ಮಾತ್ರ ಹಳೇ 925ರದ್ದೇ ಅಂತ ಸಾರಿದ್ದು ಈ ಸಿಂಹ. ಇಂಗ್ಲೆಂಡಿನ ಬೆಳ್ಳಿಯ ಮೇಲೆ ಅದು ಇವತ್ತಿಗೂ ನಡೆಯುತ್ತಿದೆ.

ಮಧ್ಯೆ ಒಮ್ಮೆ ಮಾತ್ರ ರಜೆ ಹಾಕಿತ್ತು. ಹದಿನೇಳನೇ ಶತಮಾನದ ಕೊನೆಗೆ ಜನ ಬೆಳ್ಳಿ ನಾಣ್ಯದ ಅಂಚು ಕತ್ತರಿಸುವುದು, ನಾಣ್ಯ ಕರಗಿಸಿ ಲೋಟ ತಟ್ಟೆ ಮಾಡಿಸುವುದು ಅತಿಯಾಯಿತು. ಅದಕ್ಕೆ 1697ರಲ್ಲಿ ಪಾತ್ರೆಯ ಬೆಳ್ಳಿಯ ಮಟ್ಟವನ್ನು 958ಕ್ಕೆ ಏರಿಸಿಬಿಟ್ಟರು. ನಾಣ್ಯ ಕರಗಿಸಿದರೆ ಆ ಮಟ್ಟ ಬರುವುದಿಲ್ಲವಲ್ಲ! ಆಗ ಸಿಂಹದ ಬದಲು ಕೂತಿರುವ ಬ್ರಿಟಾನಿಯಾ ದೇವಿಯ ಗುರುತು. 1720ರಲ್ಲಿ ಸಿಂಹ ವಾಪಸ್ಸು ಬಂತು, ಹೆಗಲ ಮೇಲೆ ಒಂದು ಸುಂಕ ಹೊತ್ತುಕೊಂಡು. ಔನ್ಸಿಗೆ ಆರು ಪೆನ್ನಿ.

ಸುಂಕ ಅಂದ ಮೇಲೆ ಕಳ್ಳದಾರಿ ಇರಲೇಬೇಕು. ಒಂದು ಸಣ್ಣ ಬಿಲ್ಲೆ ಮಾಡಿ ಅದಕ್ಕೆ ಸುಂಕ ಕಟ್ಟಿ ಮುದ್ರೆ ಹಾಕಿಸುವುದು, ಆಮೇಲೆ ಆ ಬಿಲ್ಲೆಯನ್ನು ದೊಡ್ಡ ಹೂಜಿಯ ತಳಕ್ಕೆ ಬೆಸೆಯುವುದು. ಹೂಜಿಗೆ ಸುಂಕ ಸೊನ್ನೆ. ಪಾಲ್ ದ ಲಮೆರಿ ಅಂತ ಆ ಕಾಲದ ಮಹಾನ್ ಕುಶಲಿಗ, ಅವನ ಹೆಸರೂ ಈ ಪಟ್ಟಿಯಲ್ಲಿದೆ. ಮುದ್ರೆಯನ್ನೇ ಖೋಟಾ ಮಾಡಿದರೆ ಮರಣದಂಡನೆ ಅಂತ 1757ರಲ್ಲಿ ಕಾನೂನು ಮಾಡಿದರು. 1773ರಲ್ಲಿ ಅದನ್ನು 14 ವರ್ಷಗಳ ಗಡೀಪಾರಿಗೆ ಇಳಿಸಿದರು. ನಡುವೆ ಕೈಬಿಟ್ಟಿದ್ದ ಸುಂಕ 1784ರ ಡಿಸೆಂಬರಿನಲ್ಲಿ ಮತ್ತೆ ಬಂದಾಗ, ಸುಂಕ ಕಟ್ಟಿದ್ದಕ್ಕೆ ಸಾಕ್ಷಿಯಾಗಿ ರಾಜನ ತಲೆಯ ಮುದ್ರೆ ಸೇರಿತು. 1890ರವರೆಗೂ ಅದು ಇತ್ತು.

ಈಗ ಅಜ್ಜಿಯ ಚಮಚಕ್ಕೆ ಬನ್ನಿ. ಚಿರತೆ ಮುಖ, ಅಂದರೆ ಲಂಡನ್. ಬೇರೆ ಊರುಗಳಿಗೆ ಬೇರೆ ಗುರುತು. ಬರ್ಮಿಂಗ್‌ಹ್ಯಾಮಿಗೆ ಲಂಗರು, ಶೆಫೀಲ್ಡಿಗೆ ಕಿರೀಟ (1975ರಿಂದ ಗುಲಾಬಿ), ಎಡಿನ್‌ಬರಕ್ಕೆ ಕೋಟೆ. ಚಿರತೆಗೆ ಕಿರೀಟ ಇದೆ, ಅಂದರೆ 1821ಕ್ಕಿಂತ ಹಿಂದಿನದು. ಆ ವರ್ಷ ಕಿರೀಟ ಕಳಚಿದರು. ರಾಜನ ತಲೆ ಇದೆ, ಅಂದರೆ 1784ರ ಈಚಿನದು. ಆ ತಲೆ ಉಬ್ಬಿಲ್ಲ, ಒಳಕ್ಕೆ ಕುಸಿದಿದೆ. ಮೊದಲ ಒಂದೂವರೆ ವರ್ಷ ಮಾತ್ರ ಹಾಗೆ ಒತ್ತುತ್ತಿದ್ದರು. ಅದರೊಳಗೆ ಚಿಕ್ಕ 'ಕೆ' ಬರುವುದು ಒಂದೇ ಸಲ: 1785ರ ಮೇ ತಿಂಗಳ ಕೊನೆಯಿಂದ 1786ರ ಮೇ ತಿಂಗಳ ಕೊನೆಯವರೆಗೆ.

ನಿಜ ಹೇಳಬೇಕಂದರೆ ಅವತ್ತು ರಾತ್ರಿ ಹನ್ನೊಂದಕ್ಕೆ ಕುರ್ಚಿಯಿಂದ ಎದ್ದು ಕುಣಿಯುವ ಹಾಗಾಯಿತು. ಇನ್ನೂರ ನಲವತ್ತು ವರ್ಷದ ಹಿಂದೆ ಯಾರೋ ಒತ್ತಿದ ಅಕ್ಕಿಕಾಳಿನಷ್ಟು ಅಕ್ಷರ, ವರ್ಷ ಹೇಳಿಬಿಟ್ಟಿತು!

ಇನ್ನು 'ಎಚ್ ಬಿ'. ಅದು ಹೆಸ್ಟರ್ ಬೇಟ್‌ಮನ್. ಹೆಂಗಸು! ಲಂಡನ್ನಿನ ಬನ್‌ಹಿಲ್ ರೋ ಅನ್ನುವಲ್ಲಿ ಗಂಡ ಜಾನ್ ಸರ ಮಾಡುತ್ತಿದ್ದ. 1760ರಲ್ಲಿ ಕ್ಷಯದಿಂದ ತೀರಿಕೊಂಡ, ತನ್ನ ಸಲಕರಣೆಗಳನ್ನೆಲ್ಲ ಹೆಂಡತಿಗೇ ಬರೆದಿಟ್ಟ. ಮಾರನೆಯ ವರ್ಷ, 1761ರಲ್ಲಿ, ಆಕೆ ತನ್ನದೇ ಗುರುತು ನೋಂದಾಯಿಸಿದಳು. ಓದು ಬರಹ ಬಾರದವಳು. ಮಕ್ಕಳನ್ನು ಜೊತೆಗೆ ಹಾಕಿಕೊಂಡು ಮೂವತ್ತು ವರ್ಷ ಕಾರ್ಖಾನೆ ನಡೆಸಿ 1790ರಲ್ಲಿ ನಿವೃತ್ತಳಾದಳು. ಅಕ್ಷರ ಗೊತ್ತಿಲ್ಲದವಳ ಎರಡು ಅಕ್ಷರವನ್ನು ನಾವು ಇವತ್ತು ಹುಡುಕಿ ಹುಡುಕಿ ಓದುತ್ತಿದ್ದೇವೆ. ಗಾದೆ ಕಟ್ಟಿದವರು ಈಕೆಯನ್ನು ನೋಡಿರಲಿಲ್ಲ.

ಟೀ ಪಾಟಿನ ಸಂಕಟ

ಟೀ ಪಾಟಿನ ತಳದಲ್ಲೂ ಸಾಲಾಗಿ ನಾಲ್ಕು ಅಚ್ಚು ಇದ್ದವು, ಚಮಚದ್ದಕ್ಕಿಂತ ಚೆಂದವಾಗಿ. ಅಲಂಕಾರದ ಅಕ್ಷರಗಳು: ಇ, ಪಿ, ಎನ್, ಎಸ್. ಸಿಂಹ ಇಲ್ಲ. ನಿಕ್ಕಲ್ ಸಿಲ್ವರ್ ಮೇಲೆ ವಿದ್ಯುತ್ತಿನಿಂದ ಬೆಳ್ಳಿ ನೀರು ಕುಡಿಸಿದ್ದು ಅಂತ ಅದರ ಅರ್ಥ. ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್ಟನ್‌ನವರು 1840ರಲ್ಲಿ ಪೇಟೆಂಟ್ ಪಡೆದ ವಿದ್ಯೆ ಅದು. ನಿಕ್ಕಲ್ ಸಿಲ್ವರ್ ಅಂದರೆ ಏನು ಅಂದುಕೊಂಡಿರಿ? ನಮ್ಮ ಅಜ್ಜಿ ಮನೆಯಲ್ಲಿ ಅಟ್ಟದ ಮೇಲಿರುವ ಜರ್ಮನ್ ಸಿಲ್ವರ್ ಪಾತ್ರೆ, ಅದೇ! ತಾಮ್ರ, ಸತು, ನಿಕ್ಕಲ್ ಬೆರೆತದ್ದು. ಹೆಸರಲ್ಲಿ ಬೆಳ್ಳಿ ಬಿಟ್ಟರೆ ಒಳಗೆ ಗುಲಗಂಜಿಯಷ್ಟೂ ಬೆಳ್ಳಿಯಿಲ್ಲ.

ಅಕ್ಷರಗಳನ್ನು ಬೇರೆ ಬೇರೆ ಪುಟ್ಟ ಗುರಾಣಿಯೊಳಗೆ ಒತ್ತಿ, ಹಾಲ್‌ಮಾರ್ಕಿನ ಹಾಗೇ ಕಾಣುವಂತೆ ಮಾಡುವುದು ಆ ಕಾಲದ ವ್ಯಾಪಾರಿಗಳ ಉಪಾಯ. ಸುಳ್ಳು ಅನ್ನುವ ಹಾಗಿಲ್ಲ, ನಿಜ ಅನ್ನುವ ಹಾಗೂ ಇಲ್ಲ. ಅದಕ್ಕೇ ಮೊದಲು ಸಿಂಹವನ್ನು ಹುಡುಕಬೇಕು, ಉಳಿದದ್ದು ಆಮೇಲೆ.

ಮುಂದಿನ ಸಿಂಹ

ಮುಂದಿನ ಸಿಂಹ ಬೇರೆ ಜಾತಿಯದು. ಅದನ್ನು ಒತ್ತಿಲ್ಲ, ಉಳಿಯಿಂದ ಕೆತ್ತಿದ್ದು. ಯಾರು ದುಡ್ಡು ಕೊಟ್ಟರೋ ಅವರು ಹೇಳಿದಂತೆ ಕೆತ್ತಿದ್ದು. ವ್ಯತ್ಯಾಸ ಇರುವುದೇ ಅಲ್ಲಿ.

ಇಂಗ್ಲೆಂಡಿನ ಮನೆತನಗಳ ಲಾಂಛನ ನೋಡಿರುತ್ತೀರಿ. ನಡುವೆ ಗುರಾಣಿ, ಅದರ ಮೇಲೆ ಶಿರಸ್ತ್ರಾಣ, ಅದರ ನೆತ್ತಿಯ ಮೇಲೆ ಒಂದು ಪ್ರಾಣಿಯೋ ಕೈಯೋ ಹಕ್ಕಿಯೋ. ನೆತ್ತಿಯ ಮೇಲಿನದಕ್ಕೆ ಕ್ರೆಸ್ಟ್ ಅನ್ನುತ್ತಾರೆ. ತಟ್ಟೆ, ಹೂಜಿಯಂಥ ದೊಡ್ಡ ಸಾಮಾನಿನ ಮೇಲೆ ಪೂರ್ತಿ ಲಾಂಛನ ಹಿಡಿಯುತ್ತದೆ, ಚಮಚದ ಮೇಲೆ ಕ್ರೆಸ್ಟ್ ಮಾತ್ರ. ಇನ್ನೂ ಹಳೆಯ ಚಮಚಗಳಲ್ಲಿ ಅದನ್ನು ಬೆನ್ನ ಮೇಲೆ ಕೆತ್ತುತ್ತಿದ್ದರು, ಯಾಕೆಂದರೆ ಆಗ ಚಮಚವನ್ನು ಮೇಜಿನ ಮೇಲೆ ಬೋರಲಾಗಿ ಇಡುವ ಪದ್ಧತಿ.

ಪೂರ್ತಿ ಲಾಂಛನ ಸಿಕ್ಕರೆ ಓದುವುದು ಒಂದು ಮಜಾ. ಬೆಳ್ಳಿಯ ಮೇಲೆ ಬಣ್ಣ ಇರುವುದಿಲ್ಲವಲ್ಲ, ಗೆರೆಗಳೇ ಬಣ್ಣ. ಗೆರೆ ನೇರ ಕೆಳಗಿಳಿದರೆ ಕೆಂಪು, ಅಡ್ಡ ಹೋದರೆ ನೀಲಿ, ನಮ್ಮ ಎಡಗಡೆ ಮೇಲಿನಿಂದ ಬಲಗಡೆ ಕೆಳಕ್ಕೆ ಓರೆಯಾಗಿ ಬಂದರೆ ಹಸಿರು, ಅಡ್ಡ ಉದ್ದ ಎರಡೂ ಹೆಣೆದರೆ ಕಪ್ಪು, ಚುಕ್ಕಿ ಇಟ್ಟರೆ ಚಿನ್ನ, ಖಾಲಿ ಬಿಟ್ಟರೆ ಬೆಳ್ಳಿ. ಪೆಟ್ರಾ ಸಾಂಕ್ಟಾ ಅನ್ನುವ ಜೆಸುಯಿಟ್ ಪಾದ್ರಿ 1638ರ ತನ್ನ ಪುಸ್ತಕದಲ್ಲಿ ಬಳಸಿ ಜನಪ್ರಿಯ ಮಾಡಿದ ಪದ್ಧತಿ ಇದು. ಗುರಾಣಿ ಎರಡು ಹೋಳಾಗಿದ್ದರೆ ನಮ್ಮ ಎಡಗಡೆಯದು ಗಂಡನ ಮನೆಯದು, ಬಲಗಡೆಯದು ಹೆಂಡತಿಯ ತವರಿನದು. ಗುರಾಣಿಯ ಬದಲು ಕಾಯಿಬರ್ಫಿಯ ಹಾಗೆ ವಜ್ರಾಕಾರ ಇದ್ದರೆ ಮದುವೆಯಾಗದ ಹೆಣ್ಣುಮಗಳು ಅಥವಾ ವಿಧವೆ. ಒಳಗೊಂದು ಕೆಂಪು ಹಸ್ತ ಇದ್ದರೆ ಬ್ಯಾರೊನೆಟ್. ಆ ಪದವಿಯನ್ನು 1611ರಲ್ಲಿ ಒಂದನೇ ಜೇಮ್ಸ್ ರಾಜ ನೇರವಾಗಿ ಮಾರಾಟಕ್ಕಿಟ್ಟ. ಬೆಲೆ 1,095 ಪೌಂಡು. 30 ಸೈನಿಕರಿಗೆ ಮೂರು ವರ್ಷ, ದಿನಕ್ಕೆ ಎಂಟು ಪೆನ್ನಿಯಂತೆ ಸಂಬಳ. ಲೆಕ್ಕ ಹಾಕಿ ನೋಡಿ, ಸರಿಯಾಗಿ ಅಷ್ಟೇ ಬರುತ್ತದೆ!

ಈ ಲಾಂಛನಗಳ ಲೆಕ್ಕ ಇಡಲು 1484ರಿಂದ ಕಾಲೇಜ್ ಆಫ್ ಆರ್ಮ್ಸ್ ಅಂತ ಸಂಸ್ಥೆಯಿದೆ. ಅದರ ಅಧಿಕಾರಿಗಳು 1688ರವರೆಗೂ ಜಿಲ್ಲೆ ಜಿಲ್ಲೆ ಸುತ್ತಿ ಯಾರಿಗೆ ಹಕ್ಕಿದೆ, ಯಾರಿಗಿಲ್ಲ ಅಂತ ತನಿಖೆ ಮಾಡುತ್ತಿದ್ದರು. ಆಮೇಲೆ ಆ ತಿರುಗಾಟ ನಿಂತಿತು. ಹತ್ತೊಂಬತ್ತನೇ ಶತಮಾನದಲ್ಲಿ "ನಿಮ್ಮ ಹೆಸರು, ಜಿಲ್ಲೆ ಬರೆದು ಕಳಿಸಿ, ನಿಮ್ಮ ವಂಶದ ಲಾಂಛನ ಹುಡುಕಿ ಕೊಡುತ್ತೇವೆ" ಅನ್ನುವ ಜಾಹೀರಾತುಗಳು ಬಂದವು. ಅದೇ ಅಡ್ಡಹೆಸರಿನ ಯಾರದೋ ಲಾಂಛನ ಎತ್ತಿ ಕೊಟ್ಟರೆ ಮುಗೀತು. ಆದರೆ ಲಾಂಛನ ಕೊಡುವುದು ಒಬ್ಬ ವ್ಯಕ್ತಿಗೆ, ಅವನ ಸಂತತಿಗೆ. ಹೆಸರಿಗಲ್ಲ. ಗೌಡ ಅಂತ ಹೆಸರಿದ್ದವರೆಲ್ಲ ಒಂದೇ ಮನೆಯವರಾ?

ಅಜ್ಜಿಯ ಅರ್ಧ ಸಿಂಹವನ್ನು ಕ್ರೆಸ್ಟುಗಳ ಪುಸ್ತಕದಲ್ಲಿ ಹುಡುಕಿದೆ. ಫೇರ್‌ಬೇರ್ನ್ ಅನ್ನುವವನದು, ದಪ್ಪ ಪುಸ್ತಕ. ಅಯ್ಯೋ, ಅರ್ಧ ಸಿಂಹ ಪುಟಗಟ್ಟಲೆ! ಇಂಗ್ಲೆಂಡಿನಲ್ಲಿ ಇಲ್ಲದ ಸಿಂಹಗಳೆಲ್ಲ ಚಮಚದ ಮೇಲೆ ಸೇರಿಕೊಂಡಿವೆ. ಪಂಜದಲ್ಲಿ ಏನಾದರೂ ಹಿಡಿದಿದ್ದರೆ, ಕೊರಳಲ್ಲಿ ಪಟ್ಟಿಯಿದ್ದರೆ ಸ್ವಲ್ಪ ದಾರಿ ಸಿಗುತ್ತದೆ. ಇದರ ಕೈ ಖಾಲಿ. ಅಲ್ಲಿಗೆ ದಾರಿ ಮುಚ್ಚಿತು.

ನಡುವೆ ಒಂದು ಹುಲಿ

ಹೀಗೆ ಲಾರ್ಡುಗಳ ಲಾಂಛನಗಳನ್ನು ತಿರುವುತ್ತಿದ್ದಾಗ ಒಂದು ಹೆಸರು ಕಣ್ಣಿಗೆ ಬಿದ್ದು ಎದೆ ಝಲ್ಲೆಂದಿತು. 'ಬ್ಯಾರನ್ ಹ್ಯಾರಿಸ್, ಶ್ರೀರಂಗಪಟ್ಟಣ ಮತ್ತು ಮೈಸೂರು.'

ನಾನು ಮಂಡ್ಯದ ಕಡೆಯವನು. ಶ್ರೀರಂಗಪಟ್ಟಣದ ಕೋಟೆ ಗೋಡೆ ಹತ್ತಿ ಬೈಸಿಕೊಂಡವನು. ಜಾರ್ಜ್ ಹ್ಯಾರಿಸ್ ಅಂದರೆ 1799ರ ಮೇ 4ರಂದು ಆ ಕೋಟೆ ಬಿದ್ದಾಗ ಇಂಗ್ಲಿಷ್ ಸೈನ್ಯದ ದಂಡನಾಯಕ. 1815ರಲ್ಲಿ ಅವನಿಗೆ ಬ್ಯಾರನ್ ಪದವಿ ಕೊಟ್ಟಾಗ ನಮ್ಮೂರಿನ ಹೆಸರನ್ನೂ ಸೇರಿಸಿಕೊಟ್ಟರು. ಅವನ ಕ್ರೆಸ್ಟ್ ಏನು ಗೊತ್ತೇ? ಒಂದು ಹಸಿರು ಹುಲಿ, ಮೈಮೇಲೆ ಚಿನ್ನದ ಪಟ್ಟೆ. ತಲೆಯ ಮೇಲೆ ಪೂರ್ವದೇಶದ ಕಿರೀಟ. ಎದೆಗೆ ಬಾಣ ನಾಟಿದೆ, ರಕ್ತ ಬರುತ್ತಿದೆ. ಹಣೆಯ ಮೇಲೆ ಪಾರಸಿ ಲಿಪಿಯಲ್ಲಿ 'ಹೈದರ್' ಅಂತ ಬರೆದಿದೆ.

ಎಷ್ಟು ಹೊತ್ತು ಆ ಪುಟ ನೋಡುತ್ತಾ ಕೂತೆನೋ. ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಒಂದೇ. ಆ ಮನೆಯ ಬೆಳ್ಳಿ ಚಮಚಗಳ ಮೇಲೆ ಈ ಹುಲಿ ಕೂತಿದ್ದರೆ, ಎಷ್ಟು ಊಟಗಳಲ್ಲಿ ಎಷ್ಟು ಜನ ಅದರ ಮೇಲೆ ಹೆಬ್ಬೆರಳಿಟ್ಟು ಸೂಪು ಕುಡಿದಿರಬೇಕು! ನಮಗೆ ಸ್ಕೂಲಿನಲ್ಲಿ ಒಂದು ತಾರೀಖು, ಅವರಿಗೆ ಊಟದ ಮೇಜಿನ ಅಲಂಕಾರ. ಬೆಳ್ಳಿಯಲ್ಲಿ ಕೆತ್ತಿದರೆ ಆ ಹಸಿರು ಬರೀ ಓರೆ ಗೆರೆಗಳು. ಓದಲು ಬಾರದವರಿಗೆ ಅದು ಯಾವುದೋ ಒಂದು ಪ್ರಾಣಿ.

ಇನ್ನೊಂದು ನಂಟೂ ಸಿಕ್ಕಿತು. ಬರ್ಮಿಂಗ್‌ಹ್ಯಾಮಿನ ಮ್ಯಾಥ್ಯೂ ಬೌಲ್ಟನ್ ಅಂತ ಒಬ್ಬ ಕಾರ್ಖಾನೆಯ ಯಜಮಾನ. ಅವನ ಊರಿನಲ್ಲಿ ಪರೀಕ್ಷಾ ಕಚೇರಿ ಇರಲಿಲ್ಲ. ಮುದ್ರೆಗಾಗಿ ಮಾಲನ್ನು ದೂರದ ಚೆಸ್ಟರಿಗೆ ಗಾಡಿಯಲ್ಲಿ ಕಳಿಸಬೇಕು, ವಾಪಸ್ಸು ಬರುವಾಗ ನಜ್ಜುಗುಜ್ಜು. ಅವನು ಹಟ ಹಿಡಿದು ಪಾರ್ಲಿಮೆಂಟಿನವರೆಗೂ ಹೋಗಿ 1773ರಲ್ಲಿ ಬರ್ಮಿಂಗ್‌ಹ್ಯಾಮಿಗೂ ಶೆಫೀಲ್ಡಿಗೂ ಕಚೇರಿ ಬರುವಂತಾಯಿತು. ಲಂಗರಿನ ಗುರುತು ಶುರುವಾದದ್ದು ಆಗಲೇ. ಅದೇ ಬೌಲ್ಟನ್ನನ ಟಂಕಸಾಲೆಯಲ್ಲೇ ಶ್ರೀರಂಗಪಟ್ಟಣ ಗೆದ್ದ ಸೈನಿಕರಿಗೆ ಕೊಡುವ ಪದಕ ತಯಾರಾಯಿತು. ಹಂಚಿದ್ದು 1808ರಲ್ಲಿ. ಪದಕದ ಮೇಲಿನ ಚಿತ್ರ: ಬ್ರಿಟಿಷ್ ಸಿಂಹ ಹುಲಿಯನ್ನು ಕೆಡವಿ ಮೆಟ್ಟುತ್ತಿರುವುದು. 'ಹೈದರ್' ಅಂದರೆ ಅರಬ್ಬಿಯಲ್ಲಿ ಸಿಂಹ ಅಂತಲೇ ಅರ್ಥ ಅನ್ನುವುದು ಕೆತ್ತಿದವನಿಗೆ ಗೊತ್ತಿತ್ತೋ ಇಲ್ಲವೋ.

ಹ್ಯಾರಿಸ್ ಗೆದ್ದದ್ದು ಸುಳ್ಳಲ್ಲ. ಹುಲಿಗೆ ಬಾಣ ಬಿದ್ದದ್ದೂ ಒಂದರ್ಥದಲ್ಲಿ ನಿಜವೇ. ಆದರೆ ಆ ಚಿತ್ರ ಹೇಳುವುದು ಕೆತ್ತಿಸಿದವರಿಗೆ ಹೇಳಬೇಕಾಗಿದ್ದನ್ನು ಮಾತ್ರ. ಎದುರು ಪಕ್ಷದವರು ಅದಕ್ಕೆ ರುಜು ಹಾಕಿಲ್ಲ. ಹಿಂದಿನ ಸಿಂಹ ಹಾಗಲ್ಲ. ಅದನ್ನು ಒತ್ತಿದವನಿಗೆ ಚಮಚ ಮಾರಾಟವಾದರೂ ಒಂದೇ, ಬಿಟ್ಟರೂ ಒಂದೇ. ತಪ್ಪಿದರೆ ಮಾತ್ರ ಅವನ ಕುತ್ತಿಗೆಗೆ ಬರುತ್ತದೆ. ಅಪನಂಬಿಕೆಯಿಂದ ಹುಟ್ಟಿದ ಗುರುತನ್ನು ನಂಬಬಹುದು, ಹೆಮ್ಮೆಯಿಂದ ಹುಟ್ಟಿದ ಗುರುತನ್ನು ಕೇಳಿಸಿಕೊಳ್ಳಬೇಕು, ಆಮೇಲೆ ವಿಚಾರಿಸಬೇಕು. ಇಷ್ಟು ದಿನ ಚಮಚದ ಬೆನ್ನು ನೋಡಿ ನಾನು ಕಲಿತದ್ದು ಇಷ್ಟೇ.

ಉಸಿರು

ಹಳೇ ಬೆಳ್ಳಿ ಸಂಗ್ರಹಿಸುವವರ ಒಂದು ಉಪಾಯವಿದೆ. ತಣ್ಣಗಿನ ಬೆಳ್ಳಿಯ ಮೇಲೆ 'ಹಾ' ಅಂತ ಉಸಿರು ಬಿಡುವುದು. ಮಂಜು ಕಟ್ಟಿದ ಕ್ಷಣದಲ್ಲಿ ಬೆಸುಗೆಯ ಗೆರೆ, ಅಳಿಸಿದ ಕೆತ್ತನೆ, ಎಲ್ಲ ನೆರಳಿನ ಹಾಗೆ ಮೂಡುತ್ತವೆ.

ಆರು ಚಮಚಗಳ ಮೇಲೂ ಉಸಿರು ಬಿಟ್ಟೆ. ಐದರಲ್ಲಿ ಏನೂ ಇಲ್ಲ. ಆರನೆಯದರಲ್ಲಿ, ಅರ್ಧ ಸಿಂಹದ ಕಾಲಡಿಯಲ್ಲಿ, ತ್ರಿಕೋನವಾಗಿ ಮೂರು ಅಕ್ಷರ. ಮೇಲೆ 'ಡಬ್ಲ್ಯೂ', ಕೆಳಗೆ 'ಐ' ಮತ್ತು 'ಎಂ'. ಮೇಲಿನದು ಮನೆತನದ ಹೆಸರು, ಕೆಳಗಿನವು ಗಂಡ ಹೆಂಡತಿಯ ಹೆಸರು. ಲಾಂಛನ ಗೀಂಛನ ಇಲ್ಲದ ಸಾಮಾನ್ಯ ಸಂಸಾರಸ್ಥರು ಹಾಗೆ ಹಾಕಿಸುತ್ತಿದ್ದರು. 'ಜೆ'ಗೆ 'ಐ' ಅಂತ ಕೆತ್ತುವುದು ಆಗಿನ ರೂಢಿ. ಹಿಡಿಯನ್ನು ಬೆರಳುಗಳ ನಡುವೆ ಹಿಚುಕಿ ನೋಡಿದೆ, ಸಿಂಹ ಇರುವ ಜಾಗ ತೆಳ್ಳಗಿತ್ತು. ಅಕ್ಷರ ಉಜ್ಜಿ ತೆಗೆದಿದ್ದಾರೆ, ಆಮೇಲೆ ಯಾರೋ ಸಿಂಹ ಕೆತ್ತಿಸಿದ್ದಾರೆ.

ಅಜ್ಜಿಯ ಗಂಡನ ಮನೆತನದ ಹೆಸರು 'ಡಬ್ಲ್ಯೂ'ನಿಂದ ಶುರುವಾಗುವುದೇ ಇಲ್ಲ.

ಎರಡು ದಿನ ಒದ್ದಾಡಿದೆ. ಹೇಳಬೇಕೋ ಬೇಡವೋ? ಎಂಬತ್ತು ದಾಟಿದವರ ಲಾರ್ಡನ್ನು ಕಿತ್ತುಕೊಂಡು ನನಗೇನಾಗಬೇಕು? ಭಾನುವಾರ ಅಮ್ಮನ ಹತ್ತಿರ ಫೋನಿನಲ್ಲಿ ಇದನ್ನೇ ಹೇಳಿದೆ. ಅಮ್ಮ ನಕ್ಕುಬಿಟ್ಟಳು.

"ಅಲ್ವೋ, ಬೇರೆಯವರ ಹೆಸರಿರೋ ಪಾತ್ರೆ ನಮ್ಮನೇಲಿ ಎಷ್ಟಿಲ್ಲ? ಆ ದೊಡ್ಡ ಕೊಳದಪ್ಪಲೆ ಮೇಲೆ ಯಾರ್ದೋ ಮದುವೆ ತಾರೀಖೇ ಇದೆ. ಯಾವ ಸಮಾರಂಭದಲ್ಲಿ ಅದಲು ಬದಲಾಯ್ತೋ. ಹಂಗಂತ ಅವ್ರೆಲ್ಲ ನಮ್ಮ ನೆಂಟ್ರಾ? ಹೇಳು ಆಯಮ್ಮಂಗೆ. ಬಳಸ್ಕೊಂಡು ಬಂದೋರು ಅವ್ರೇ ತಾನೆ?"

ಹೋಗಿ ಹೇಳಿದೆ. ಮೊದಲು ಟೀ ಪಾಟಿನ ವಿಷಯ, ಅದು ಸುಲಭದ್ದು. ಅಜ್ಜಿ, "ಅದರಲ್ಲಿ ಚಹಾ ಚೆನ್ನಾಗಿ ಬರುತ್ತೆ, ಅದನ್ನು ಕೊಡೋದೇ ಇಲ್ಲ" ಅಂದರು. ಆಮೇಲೆ ಹೆಸ್ಟರ್ ಬೇಟ್‌ಮನ್ ಕಥೆ. 1785 ಅಂದಾಗ ಕೈಯಲ್ಲಿದ್ದ ಚಮಚವನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. ಕೊನೆಗೆ ಆರನೇ ಚಮಚ ಕೊಟ್ಟು, "ನೀವೇ ಉಸಿರು ಬಿಟ್ಟು ನೋಡಿ" ಅಂದೆ.

ನೋಡಿದರು. ಮಂಜು ಆರಿತು. ಮತ್ತೆ ಉಸಿರು ಬಿಟ್ಟರು. ಬಹಳ ಹೊತ್ತು ಮಾತಿಲ್ಲ.

"ಹಾಗಾದರೆ ಲಾರ್ಡ್ ಇಲ್ಲ" ಅಂದರು.

"ಇರಲಿಲ್ಲ ಅಂತ ಹೇಳೋಕಾಗಲ್ಲ. ಈ ಚಮಚ ಅದಕ್ಕೆ ಸಾಕ್ಷಿ ಅಲ್ಲ, ಅಷ್ಟೇ" ಅಂದೆ.

"ಈ ಎಂ ಯಾರಿರಬಹುದು? ಮೇರಿ? ಮಾರ್ಗರೆಟ್?" ಅಂತ ಕೇಳಿದರು. ಲಾರ್ಡಿನ ವಿಷಯ ಮತ್ತೆ ಬರಲೇ ಇಲ್ಲ.

ಕೊಳ್ಳುವವನಿಗೆ ಬರಬೇಡ ಅಂತ ಫೋನು ಹೋಯಿತು. ಹೋದ ತಿಂಗಳು ಅಜ್ಜಿ ಮಗಳ ಊರಿಗೆ ಹೊರಟರು. ಹೊರಡುವ ಮುನ್ನ ಡಬ್ಬಿ ತೆಗೆದು ತೋರಿಸಿದರು. ಒಳಗೆ ಮೊಮ್ಮಗನಿಗೆ ಅಂತ ಒಂದು ಚೀಟಿ ಬರೆದಿಟ್ಟಿದ್ದರು: ಲಂಡನ್, 1785, ಮಾಡಿದವಳು ಹೆಸ್ಟರ್ ಬೇಟ್‌ಮನ್, ಮೊದಲು ಬಳಸಿದವರು ಐ ಮತ್ತು ಎಂ, ಕೊನೆಗೆ ಬಳಸಿದವಳು ನಿನ್ನ ಅಜ್ಜಿ. ಸಿಂಹ ಯಾರದೋ ಗೊತ್ತಿಲ್ಲ.

ನಮ್ಮಲ್ಲೂ ಈಗ ಚಿನ್ನಕ್ಕೆ ಹಾಲ್‌ಮಾರ್ಕ್ ಕಡ್ಡಾಯ, 2021ರಿಂದ. ಪ್ರತಿ ಒಡವೆಗೂ ಆರು ಅಕ್ಷರ ಅಂಕಿಗಳ ಗುರುತು. ಅಂಗಡಿಯಲ್ಲಿ ಭೂತಗನ್ನಡಿ ಕೇಳಿ ನೋಡಿ, ಸಂಕೋಚ ಬೇಡ. ಐದು ಶತಮಾನಕ್ಕೂ ಹಿಂದೆ ಒತ್ತಲು ಶುರುಮಾಡಿದ ಅಕ್ಷರದ ಕೆಲಸವನ್ನೇ ಅದೂ ಮಾಡುತ್ತಿದೆ.

ಅಂದ ಹಾಗೆ, ನಿಮ್ಮ ಅಟ್ಟದ ಮೇಲಿನ ಪಾತ್ರೆಗಳನ್ನೂ ಒಮ್ಮೆ ಇಳಿಸಿ ನೋಡಿ. ಯಾರ ಹೆಸರಿದೆ, ಯಾವ ತಾರೀಖಿದೆ? ಕಾಮೆಂಟಿನಲ್ಲಿ ಬರೆಯಿರಿ. ನಮ್ಮನೆಯ ಕೊಳದಪ್ಪಲೆ ನಿಮ್ಮದೇ ಆಗಿದ್ದರೆ ಅದನ್ನೂ ತಿಳಿಸಿ. ಅಮ್ಮನನ್ನು ಕೇಳಿ ಹೇಳುತ್ತೇನೆ, ವಾಪಸ್ಸು ಕೊಡುವ ಭರವಸೆ ಮಾತ್ರ ಇಲ್ಲ.